ಅಪರಿಚಿತನ ಮನೆಗೊಂದು ಸುರುಳಿ

(ಬಾನುಲಿ ಭಾಷಣ)

ಗ್ರಂಥವನ್ನು ರಚಿಸುವುದು ಒಂದು ವಿದ್ಯೆ. ರಚಿತವಾದ ಗ್ರಂಥವನ್ನು ಕೆಡದಂತೆ ದೂರದವರ ಕೈಗೆ ಮುಟ್ಟಿಸುವುದು ಮತ್ತೊಂದು ವಿದ್ಯೆ. ಮೊದಲನೆಯದಕ್ಕೆ ಸಲ್ಲುವ ಮನ್ನಣೆ ಎರಡನೆಯದಕ್ಕೆ ಸಲ್ಲುವುದು ಅಪೂರ್ವ. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಅತ್ತಿಮಬ್ಬೆಯನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಆ ಪ್ರತಿಗಳನ್ನು ಓಲೆಯ ಮೇಲೆ ಕೊರೆದ ಲಿಪಿಕಾರರ ಹೆಸರು ನಮ್ಮ ನಾಲಗೆಯ ಮೇಲಿಲ್ಲ. ಗಣಕಯಂತ್ರಗಳ ಪ್ರಪಂಚದಲ್ಲಿಯೂ ಇಂಥ ಲಿಪಿಕಾರರ ಕಾಲವೊಂದಿತ್ತು. ಯೂನಿಕ್ಸ್ ಎಂಬ ವ್ಯವಸ್ಥೆಯ ತಂತ್ರಾಂಶವನ್ನು ಟೇಪಿನ ಸುರುಳಿಗಳಿಗೆ ಇಳಿಸಿ, ಪೆಟ್ಟಿಗೆಯಲ್ಲಿಟ್ಟು, ಅಂಚೆಯ ಮೂಲಕ ಊರೂರಿಗೆ ಕಳುಹಿಸಿದವರು ಅವರು. ಅವರ ಕೆಲಸದ ಸ್ವರೂಪವನ್ನೂ ಅದರ ಹಿಂದಿದ್ದ ಹೊಣೆಯನ್ನೂ ಈ ಹೊತ್ತು ವಿಚಾರಿಸೋಣ.

ಗಣಕಯಂತ್ರದ ಅಂಗಾಂಗಗಳನ್ನೆಲ್ಲ ಅಂಕೆಯಲ್ಲಿರಿಸಿ, ಅನೇಕರು ಏಕಕಾಲದಲ್ಲಿ ಅದನ್ನು ಬಳಸಲು ಅನುವು ಮಾಡಿಕೊಡುವ ತಂತ್ರಾಂಶ ಯೂನಿಕ್ಸ್. ಅಮೆರಿಕದ ನ್ಯೂಜರ್ಸಿಯ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಇದಕ್ಕೆ ಅಡಿಗಲ್ಲಿಟ್ಟರು. 1974ರಲ್ಲಿ ಅವರಿಬ್ಬರ ಪ್ರಬಂಧ ಪ್ರಕಟವಾದ ಮೇಲೆ ವಿಶ್ವವಿದ್ಯಾಲಯಗಳಿಂದ ಬೇಡಿಕೆ ಹೆಚ್ಚಿತು. ಆದರೆ ಆ ಪ್ರಯೋಗಾಲಯದ ಒಡೆತನ ಹೊಂದಿದ್ದ ಎ.ಟಿ. ಅಂಡ್ ಟಿ. ದೂರವಾಣಿ ಸಂಸ್ಥೆ 1956ರ ನ್ಯಾಯಾಲಯದ ಒಪ್ಪಂದವೊಂದಕ್ಕೆ ಬದ್ಧವಾಗಿತ್ತು. ಗಣಕಯಂತ್ರಗಳ ವ್ಯಾಪಾರಕ್ಕೆ ಅದು ಕೈಹಾಕುವಂತಿರಲಿಲ್ಲ. ಆದ್ದರಿಂದ ಅದು ಅಲ್ಪ ಶುಲ್ಕ ಪಡೆದು ವಿಶ್ವವಿದ್ಯಾಲಯಗಳಿಗೆ ಅನುಮತಿಪತ್ರವನ್ನೂ ಒಂದು ಟೇಪನ್ನೂ ಕೊಟ್ಟು ಸುಮ್ಮನಾಯಿತು. ಅಳವಡಿಸಿಕೊಡಲು ಯಾರೂ ಬರುವುದಿಲ್ಲ, ದೋಷ ಕಂಡರೆ ತಿದ್ದಿಕೊಡುವುದಿಲ್ಲ ಎಂಬುದು ಕರಾರು. ಹೀಗಿರುವಲ್ಲಿ, ಟೇಪಿನೊಳಗೆ ಇಲ್ಲದ್ದು ಪಡೆದವನ ಪಾಲಿಗೆ ಇಲ್ಲವೇ ಇಲ್ಲ.

ಆ ಟೇಪು ಎಂಥದು? ಹಿಂದೆ ಬಾನುಲಿ ನಿಲಯಗಳಲ್ಲಿ ಭಾಷಣ ಸಂಗೀತಗಳನ್ನು ಮುದ್ರಿಸುತ್ತಿದ್ದ ಸುರುಳಿಗಳನ್ನು ಕಂಡವರಿಗೆ ಇದರ ಕಲ್ಪನೆ ಸುಲಭ. ಇದು ಅದಕ್ಕಿಂತ ಅಗಲ, ಅರ್ಧ ಅಂಗುಲ. ಪೂರ್ಣ ಸುರುಳಿಯ ಉದ್ದ 2,400 ಅಡಿ. ಅಗಲದಲ್ಲಿ ಒಂಬತ್ತು ಸಾಲುಗಳು: ಎಂಟರಲ್ಲಿ ಒಂದು ಬೈಟು, ಅಂದರೆ ಸ್ಥೂಲವಾಗಿ ಒಂದು ಅಕ್ಷರ, ಒಂಬತ್ತನೆಯದು ತಪ್ಪು ಹಿಡಿಯುವ ಕಾವಲಿನ ಸಾಲು. ಬಹಳ ಬಳಕೆಯಲ್ಲಿದ್ದ ಸಾಂದ್ರತೆಯೆಂದರೆ ಅಂಗುಲಕ್ಕೆ 1,600 ಬೈಟು. ಈ ಲೆಕ್ಕದಲ್ಲಿ ಒಂದು ಸುರುಳಿಗೆ 4 ಕೋಟಿ 60 ಲಕ್ಷ ಬೈಟು ಹಿಡಿಯಬೇಕು. ಆದರೆ ಹಾಗೆ ಹಿಡಿಯುವುದಿಲ್ಲ. ಟೇಪು ಓಡುತ್ತ ನಿಲ್ಲುತ್ತ ಸಾಗುವುದರಿಂದ ಒಂದು ದಾಖಲೆಗೂ ಇನ್ನೊಂದಕ್ಕೂ ನಡುವೆ ಸುಮಾರು 0.6 ಅಂಗುಲ ಖಾಲಿ ಬಿಡಬೇಕು. 512 ಬೈಟುಗಳ ಚಿಕ್ಕ ದಾಖಲೆಯಾಗಿ ಬರೆದರೆ ಬರಹಕ್ಕೆ 0.32 ಅಂಗುಲ, ಬರಿದಿಗೆ 0.6 ಅಂಗುಲ, ಇಡೀ ಸುರುಳಿಯಲ್ಲಿ ಸುಮಾರು 1 ಕೋಟಿ 60 ಲಕ್ಷ ಬೈಟು ಮಾತ್ರ ಹಿಡಿಯುತ್ತದೆ. ಅಂಥ ಇಪ್ಪತ್ತು ತುಂಡುಗಳನ್ನು ಒಟ್ಟುಗೂಡಿಸಿ 10,240 ಬೈಟುಗಳ ದೊಡ್ಡ ದಾಖಲೆಯಾಗಿ ಬರೆದರೆ ಅದೇ ಸುರುಳಿಯಲ್ಲಿ 4 ಕೋಟಿ 20 ಲಕ್ಷ ಬೈಟು ಹಿಡಿಯುತ್ತದೆ. ಉಳಿತಾಯ ದೊಡ್ಡದು, ಆದರೆ ಎಷ್ಟನ್ನು ಕೂಡಿಸಿ ಬರೆದಿದೆಯೆಂದು ಓದುವವನಿಗೆ ತಿಳಿಸುವ ಹೊಣೆ ಬರೆದವನ ಮೇಲೆ ಬೀಳುತ್ತದೆ.

ಕಡತಗಳನ್ನು ಹೀಗೆ ಕಟ್ಟಿ ಟೇಪಿಗೆ ಇಳಿಸುವ ಸಾಧನಕ್ಕೆ ಟಾರ್ ಎಂದು ಹೆಸರು. 'ಟೇಪ್ ಆರ್ಕೈವ್' ಎಂಬುದರ ಹ್ರಸ್ವರೂಪವದು. 1979ರ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿ ಅದು ಕಾಣಿಸಿಕೊಂಡಿತು. ಪ್ರತಿಯೊಂದು ಕಡತದ ಮುಂದೆಯೂ ಅದು 512 ಬೈಟುಗಳ ಒಂದು ತಲೆಬರಹವನ್ನಿಡುತ್ತದೆ: ಕಡತದ ಹೆಸರು, ಒಡೆಯನ ಸಂಖ್ಯೆ, ಗಾತ್ರ, ಕೊನೆಯ ಬಾರಿ ತಿದ್ದಿದ ಕಾಲ. ಗಾತ್ರ, ಕಾಲ ಮೊದಲಾದವುಗಳನ್ನು ಯಂತ್ರದ ಒಳಭಾಷೆಯಲ್ಲಿ ಬರೆಯದೆ, ಮನುಷ್ಯರು ಓದಬಲ್ಲ ಅಂಕಿಗಳಲ್ಲಿ ಬರೆಯುತ್ತದೆ ಎಂಬುದು ಗಮನಾರ್ಹ. ಇದಕ್ಕೆ ಕಾರಣವಿದೆ. ಒಂದು ಸಂಖ್ಯೆಯನ್ನು ಎರಡು ಬೈಟುಗಳಲ್ಲಿ ಇರಿಸುವಾಗ ಒಂದು ಬಗೆಯ ಯಂತ್ರ ಯಾವುದನ್ನು ಮುಂದಿಡುತ್ತದೆಯೋ ಇನ್ನೊಂದು ಬಗೆಯ ಯಂತ್ರ ಅದನ್ನೇ ಹಿಂದಿಡುತ್ತದೆ. 'ಯು-ಎನ್-ಐ-ಎಕ್ಸ್' ಎಂಬ ನಾಲ್ಕು ಅಕ್ಷರಗಳು ಅಂಥ ಪರಯಂತ್ರದಲ್ಲಿ 'ಎನ್-ಯು-ಎಕ್ಸ್-ಐ' ಆಗಿಬಿಡುತ್ತವೆ. ಆದ್ದರಿಂದ ಈ ತೊಡಕಿಗೆ 'ನಕ್ಸಿ' ಸಮಸ್ಯೆಯೆಂದೇ ಹೆಸರಾಯಿತು. ಅಂಕಿಗಳನ್ನು ಒಂದೊಂದೇ ಅಕ್ಷರವಾಗಿ ಬರೆದರೆ ತಲೆಬರಹದ ಮಟ್ಟಿಗೆ ಈ ಗೊಂದಲವಿಲ್ಲ.

ತಲೆಬರಹದಲ್ಲಿರುವ ಬೈಟುಗಳನ್ನೆಲ್ಲ ಕೂಡಿದ ಮೊತ್ತವನ್ನೂ ಅಲ್ಲಿಯೇ ಬರೆದಿಡುವ ಪದ್ಧತಿಯುಂಟು. ಓದುವ ಯಂತ್ರ ತಾನೂ ಕೂಡಿ ನೋಡುತ್ತದೆ. ಮೊತ್ತ ಹೊಂದದಿದ್ದರೆ ನಡುವೆ ಏನೋ ಕೆಟ್ಟಿದೆಯೆಂದು ಅರ್ಥ. ನಮ್ಮ ಹಳೆಯ ಕಾವ್ಯಗಳನ್ನು ಸಂಪಾದಿಸುವ ವಿದ್ವಾಂಸರು ಕಂದಪದ್ಯದಲ್ಲಿ ಮಾತ್ರೆ ಕಡಿಮೆ ಬಂದರೆ ಲಿಪಿಕಾರನು ಅಕ್ಷರವನ್ನು ನುಂಗಿದ್ದಾನೆಂದು ಊಹಿಸುತ್ತಾರಲ್ಲ, ಅದೇ ಬಗೆಯ ಪರೀಕ್ಷೆ ಇದು. ಅದಕ್ಕಿರುವ ಮಿತಿಯೂ ಇದಕ್ಕುಂಟು. ಛಂದಸ್ಸು ಕೆಡದಂತೆ ನುಸುಳಿದ ತಪ್ಪು ಪಾಠವನ್ನು ಛಂದಸ್ಸು ಹಿಡಿಯಲಾರದು.

ಇಷ್ಟು ಯಂತ್ರದ ಪಾಲಿನ ಎಚ್ಚರ. ಮಿಕ್ಕದ್ದು ಮನುಷ್ಯನ ಪಾಲಿನದು. ನಿಜವಾದ ಅಪಾಯಗಳಿರುವುದು ಇಲ್ಲಿಯೇ. ಕೆಲವನ್ನು ಹೇಳುತ್ತೇನೆ.

ಯೂನಿಕ್ಸಿನಲ್ಲಿ ಕಡತದ ವಿಳಾಸವನ್ನು ಮೂಲದಿಂದ ಹಿಡಿದು ಪೂರ್ಣವಾಗಿ ಹೇಳಬಹುದು, ಅಥವಾ ನಿಂತ ಜಾಗದಿಂದ ಮುಂದಕ್ಕೆ ಹೇಳಬಹುದು. ಟೇಪು ಮಾಡುವವನು ಪೂರ್ಣ ವಿಳಾಸವನ್ನೇ ಬರೆದನೆನ್ನೋಣ. ಪಡೆದವನು ಅದನ್ನು ಬಿಚ್ಚಿದಾಗ, ಅಂದಿನ ಟಾರ್ ಏನನ್ನೂ ಕೇಳದೆ ಅದೇ ವಿಳಾಸದಲ್ಲಿ ಕಡತವನ್ನು ಇಳಿಸುತ್ತಿತ್ತು. ಅಲ್ಲಿ ಪಡೆದವನ ಸ್ವಂತ ಕಡತ, ಆತನ ಯಂತ್ರದ ಬಳಕೆದಾರರ ಪಟ್ಟಿಯಂಥದು, ಮೊದಲೇ ಇದ್ದರೆ ಅದು ಅಳಿಸಿಹೋಗುತ್ತಿತ್ತು. ಒಡೆಯನ ಸಂಖ್ಯೆಯದೂ ಇದೇ ಕಥೆ. ಇಲ್ಲಿ ಒಬ್ಬನಿಗೆ ಕೊಟ್ಟಿರುವ ಸಂಖ್ಯೆ ಅಲ್ಲಿ ಇನ್ನಾರದೋ ಆಗಿರುತ್ತದೆ; ಯಂತ್ರದ ಮೇಲ್ವಿಚಾರಕನು ಟೇಪನ್ನು ಬಿಚ್ಚಿದರೆ ಕಡತಗಳು ಆ ಸಂಬಂಧವಿಲ್ಲದವನ ಸ್ವಾಧೀನಕ್ಕೆ ಹೋಗುತ್ತವೆ.

ಟೇಪು ಓಡಿಸುವ ಯಂತ್ರಕ್ಕೆ ಯೂನಿಕ್ಸಿನಲ್ಲಿ ಎರಡು ಹೆಸರುಗಳಿರುತ್ತವೆ. ಒಂದು ಹೆಸರಿನಿಂದ ಕರೆದರೆ ಬರೆದು ಮುಗಿದೊಡನೆ ಸುರುಳಿ ಮೊದಲಿಗೆ ಸುತ್ತಿಕೊಳ್ಳುತ್ತದೆ. ಇನ್ನೊಂದರಿಂದ ಕರೆದರೆ ನಿಂತಲ್ಲೇ ನಿಲ್ಲುತ್ತದೆ. ಎರಡು ಕಟ್ಟುಗಳನ್ನು ಒಂದರ ಹಿಂದೊಂದು ಬರೆಯಬೇಕಾದಲ್ಲಿ ಮೊದಲನೆಯ ಹೆಸರನ್ನು ಬಳಸಿದರೆ ಎರಡನೆಯ ಕಟ್ಟು ಮೊದಲನೆಯದರ ಮೇಲೆಯೇ ಕೂತುಬಿಡುತ್ತದೆ. ಯಾವ ದೋಷಸೂಚನೆಯೂ ಬರುವುದಿಲ್ಲ. ಹೊರಗಿನ ಚೀಟಿಯಲ್ಲಿ ಎರಡು ಕಟ್ಟು, ಒಳಗೆ ಒಂದೇ.

ಇನ್ನು ಪರಿಶೀಲನೆ. ಬರೆದ ಟೇಪನ್ನು ಮರಳಿ ಓದಿ ನೋಡಬೇಕೆಂಬುದನ್ನು ಎಲ್ಲರೂ ಬಲ್ಲರು. ಆದರೆ ಬರೆದ ಯಂತ್ರದಲ್ಲಿಯೇ ಓದಿದರೆ ಸಾಲದು. ಆ ಯಂತ್ರದ ಕಾಂತಶಿರ ಕೂದಲೆಳೆಯಷ್ಟು ಓರೆಯಾಗಿದ್ದರೆ ಅದು ಓರೆಯಾಗಿ ಬರೆಯುತ್ತದೆ, ಓರೆಯಾಗಿಯೇ ಓದುತ್ತದೆ, ಎಲ್ಲವೂ ಸರಿಯಿದೆಯೆಂದು ವರದಿ ಮಾಡುತ್ತದೆ. ನೇರವಾಗಿರುವ ಯಂತ್ರಕ್ಕೆ ಮಾತ್ರ ಅದು ಓದಲು ಬಾರದು. ಆದ್ದರಿಂದ ಬೇರೊಂದು ಯಂತ್ರದಲ್ಲಿ ಓದಿ ನೋಡುವುದು ಬಲ್ಲವರ ಕ್ರಮ. ತಾನು ಬರೆದ ಕರಡನ್ನು ತಾನೇ ತಿದ್ದುವ ಲೇಖಕನಿಗೆ ತಪ್ಪುಗಳು ಕಾಣದಿರುವುದು ಮುದ್ರಣಾಲಯದವರಿಗೆ ಹೊಸ ಮಾತಲ್ಲ.

ಕೊನೆಗೆ ಸುರುಳಿಯ ಬೆನ್ನಿನಲ್ಲಿರುವ ಪ್ಲಾಸ್ಟಿಕ್ ಬಳೆ. ಅದು ಇದ್ದರೆ ಮಾತ್ರ ಟೇಪಿನ ಮೇಲೆ ಬರೆಯಲಾಗುತ್ತದೆ. ಕಳುಹಿಸುವ ಮುನ್ನ ಅದನ್ನು ತೆಗೆದಿಟ್ಟರೆ ಪಡೆದವನು ಕೈತಪ್ಪಿ ಟೇಪನ್ನು ಅಳಿಸಲಾರ. ಚೀಟಿಯ ಮೇಲೆ ಸಾಂದ್ರತೆ, ದಾಖಲೆಯ ಗಾತ್ರ, ಕಟ್ಟುಗಳ ಕ್ರಮ, ದಿನಾಂಕ ಇವಿಷ್ಟೂ ಇರಬೇಕು.

ಪೂರ್ಣ ವ್ಯವಸ್ಥೆಯನ್ನೇ ಕಳುಹಿಸುವಾಗ ಮತ್ತೂ ಒಂದು ತೊಡಕು. ಟೇಪನ್ನು ಬಿಚ್ಚಲು ಟಾರ್ ಬೇಕು, ಟಾರ್ ಓಡಲು ಯೂನಿಕ್ಸ್ ಬೇಕು, ಯೂನಿಕ್ಸಾದರೋ ಟೇಪಿನೊಳಗಿದೆ. ಆದುದರಿಂದ ಸುರುಳಿಯ ಆರಂಭದಲ್ಲಿ ಬರಿಯ ಯಂತ್ರವೂ ಓದಬಲ್ಲ ಪುಟ್ಟ ಕ್ರಮವಿಧಿಯನ್ನಿಟ್ಟು, ಅದರ ಹಿಂದೆ ಕನಿಷ್ಠ ಅಗತ್ಯದ ಕಡತವ್ಯವಸ್ಥೆಯನ್ನೂ, ಅದರ ಹಿಂದೆ ಉಳಿದುದನ್ನೂ ಇಡುತ್ತಿದ್ದರು. ಕೆಲವು ಹಳೆಯ ಪಿ.ಡಿ.ಪಿ.-11 ಯಂತ್ರಗಳಲ್ಲಿ ಆ ಮೊದಲ ತುಂಡನ್ನು ಓದಿಸಲು ಬೇಕಾದ ಹತ್ತಾರು ಅಂಕಿಗಳನ್ನು ಯಂತ್ರದ ಮುಂಬದಿಯ ಗುಂಡಿಗಳಿಂದ ಕೈಯಾರೆ ಊಡಿಸಬೇಕಾಗುತ್ತಿತ್ತು.

ಈ ಕಸುಬು ಸಮೃದ್ಧವಾಗಿ ಬೆಳೆದದ್ದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್‌ಲಿಯಲ್ಲಿ. ಅಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ 1978ರಲ್ಲಿ ಪ್ಯಾಸ್ಕಲ್ ಭಾಷೆಯ ಅನುವಾದಕವನ್ನೂ ಎಕ್ಸ್ ಎಂಬ ಬರವಣಿಗೆಯ ಸಾಧನವನ್ನೂ ಟೇಪಿಗಿಳಿಸಿ ಸುಮಾರು ಮೂವತ್ತು ಕಡೆಗೆ ಕಳುಹಿಸಿದ. ವಿತರಣೆಯ ಕಾರ್ಯದರ್ಶಿಯೂ ಅವನೇ. ಮುಂದೆ ಸಂಖ್ಯೆ ಏರುತ್ತ ಹೋಗಿ, 1983ರ ಆಗಸ್ಟಿನಲ್ಲಿ ಹೊರಬಂದ 4.2 ಆವೃತ್ತಿಯನ್ನು ಒಂದೂವರೆ ವರ್ಷದೊಳಗೆ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಪಡೆದವು. ಗಣಕಯಂತ್ರಗಳನ್ನು ತಂತಿಯ ಮೂಲಕ ಜೋಡಿಸುವ ಟಿ.ಸಿ.ಪಿ.-ಐ.ಪಿ. ತಂತ್ರಾಂಶ ಆ ಟೇಪಿನಲ್ಲಿತ್ತು. ಇಂದಿನ ಅಂತರಜಾಲ ನಡೆಯುತ್ತಿರುವುದು ಅದೇ ನಿಯಮಾವಳಿಯ ಮೇಲೆ. ಟೇಪನ್ನು ಅಂಚೆಗೆ ಹಾಕುವ ಕಾಲವನ್ನು ಮುಗಿಸಿದ ವಿದ್ಯೆ ಅಂಚೆಯ ಟೇಪಿನಲ್ಲಿಯೇ ಊರೂರಿಗೆ ಹೋಯಿತು!

ಟೇಪಿನ ಬೆಲೆಗೂ ತಂತ್ರಾಂಶದ ಬೆಲೆಗೂ ಇರುವ ಭೇದ ಸ್ಪಷ್ಟವಾದದ್ದೂ ಈ ಕಾಲದಲ್ಲಿಯೇ. 1985ರಲ್ಲಿ ರಿಚರ್ಡ್ ಸ್ಟಾಲ್‌ಮನ್ ತನ್ನ ಗ್ನು ಈಮ್ಯಾಕ್ಸ್ ತಂತ್ರಾಂಶವನ್ನು ಟೇಪಿನಲ್ಲಿ 150 ಡಾಲರಿಗೆ ಕಳುಹಿಸುತ್ತಿದ್ದ. ಆದರೆ ಪಡೆದವನು ಅದಕ್ಕೆ ಪ್ರತಿ ಮಾಡಿ ಯಾರಿಗೆ ಬೇಕಾದರೂ ಕೊಡಬಹುದಿತ್ತು. ಬರ್ಕ್‌ಲಿಯವರು 1989ರಲ್ಲಿ ಎ.ಟಿ. ಅಂಡ್ ಟಿ.ಯ ಅನುಮತಿಪತ್ರ ಬೇಡದ ಜಾಲ ತಂತ್ರಾಂಶವನ್ನು ಪ್ರತ್ಯೇಕಿಸಿ, ಟೇಪಿಗೆ 1,000 ಡಾಲರ್ ಶುಲ್ಕವಿಟ್ಟು, ಮರುಹಂಚಿಕೆಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟರು. ಪುಕ್ಕಟೆಯಾಗಿ ಬೇರೆಡೆ ದೊರೆಯುತ್ತಿದ್ದರೂ ನೂರಾರು ಸಂಸ್ಥೆಗಳು ಹಣ ತೆತ್ತು ಅವರಿಂದಲೇ ಟೇಪು ತರಿಸಿಕೊಂಡವು.

ಟೇಪು ಅಕ್ಷರಶಃ ಸರಿಯಾಗಿ ತಲುಪಿದ ಮೇಲೂ ಪ್ರಶ್ನೆಯೊಂದು ಉಳಿಯುತ್ತದೆ: ಕಳುಹಿಸಿದವನನ್ನು ನಂಬುವುದು ಹೇಗೆ? 1984ರಲ್ಲಿ ಪ್ರಕಟವಾದ ತನ್ನ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಕೆನ್ ಥಾಂಪ್ಸನ್ ಇದನ್ನೇ ಎತ್ತಿದ. ಅನುವಾದಕ ತಂತ್ರಾಂಶದೊಳಗೆ ಕಳ್ಳಬಾಗಿಲೊಂದನ್ನು, ಮೂಲಪಾಠದಲ್ಲಿ ಎಲ್ಲಿಯೂ ಕಾಣದಂತೆ, ಅಡಗಿಸಿಡಬಹುದೆಂದು ಅವನು ತೋರಿಸಿಕೊಟ್ಟ. ಸಾಲುಸಾಲನ್ನೂ ಓದಿದರೂ ಸಿಗದ ಮೋಸ ಅದು. ಮೊತ್ತವನ್ನು ಎಷ್ಟು ಬಾರಿ ಕೂಡಿ ನೋಡಿದರೂ ಈ ಶಂಕೆ ಪರಿಹಾರವಾಗದು. ಟೇಪಿನೊಡನೆ ಹೋಗುತ್ತಿದ್ದುದು ಬೈಟುಗಳಷ್ಟೇ ಅಲ್ಲ, ಕಳುಹಿಸಿದವರ ನಡತೆಯ ಮೇಲಿನ ವಿಶ್ವಾಸವೂ ಹೌದು.

ಟೇಪುಗಳು ಹಿಂದೆ ಸರಿದಿವೆ, ಟಾರ್ ಸರಿದಿಲ್ಲ. ಇಂದಿಗೂ ಲಿನಕ್ಸಿನ ಮೂಲಪಾಠ ಟಾರ್ ಕಟ್ಟಾಗಿಯೇ ಜಾಲದಲ್ಲಿ ದೊರೆಯುತ್ತದೆ. ಸುತ್ತುವ ಸುರುಳಿಯೇ ಇಲ್ಲದಿದ್ದರೂ 512 ಬೈಟುಗಳ ಆ ತಲೆಬರಹ ಹಾಗೆಯೇ ಇದೆ. ಪೂರ್ಣ ವಿಳಾಸದ ಅಪಾಯವನ್ನು ಅರಿತ ಗ್ನು ಟಾರ್, ವಿಳಾಸದ ಮೊದಲಿನ ಓರೆಗೆರೆಯನ್ನು ತಾನಾಗಿಯೇ ಕಿತ್ತುಹಾಕುತ್ತದೆ. ಒಂದು ಕಾಲದ ಲಿಪಿಕಾರರು ನೆನಪಿನಲ್ಲಿಟ್ಟುಕೊಳ್ಳಬೇಕಾಗಿದ್ದ ಎಚ್ಚರ ಈಗ ಸಾಧನದ ಸ್ವಭಾವವೇ ಆಗಿದೆ.

2025ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಹಳೆಯ ಟೇಪೊಂದು ದೊರೆಯಿತು. ಅದು 1973ರ ಯೂನಿಕ್ಸ್ ನಾಲ್ಕನೆಯ ಆವೃತ್ತಿ, ಒಳತಿರುಳನ್ನು ಸಿ ಭಾಷೆಯಲ್ಲಿ ಬರೆದ ಮೊದಲ ಆವೃತ್ತಿ. ಅದರ ಪೂರ್ಣ ಪ್ರತಿ ಉಳಿದಿಲ್ಲವೆಂದೇ ಬಲ್ಲವರು ಭಾವಿಸಿದ್ದರು. ಕ್ಯಾಲಿಫೋರ್ನಿಯದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಓದಿದರು, ಓದಲು ಬಂತು. ಆ ಟೇಪನ್ನು ಬರೆದವರು ಅರ್ಧ ಶತಮಾನದಾಚೆಯ ಓದುಗನನ್ನು ನೆನೆದಿರಲಾರರು. ಬೇರೆ ಊರಿನ ಬೇರೆ ಯಂತ್ರದಲ್ಲಿ ಇದು ಬಿಚ್ಚಿಕೊಳ್ಳಬೇಕು ಎಂಬಷ್ಟನ್ನೇ ಮನಸ್ಸಿನಲ್ಲಿಟ್ಟುಕೊಂಡು ಅವರು ತಮ್ಮ ಕೆಲಸ ಮಾಡಿದ್ದರು. ಬೇರೆ ಕಾಲದವನಿಗೂ ಅಷ್ಟೇ ಸಾಕಾಯಿತು.