ಕಾಂಕ್ರೀಟು ಸುರಿಯುವ ಮುನ್ನ



ಆಂಧ್ರದ ರಾಯದುರ್ಗದ ಕಡೆ ಹೊಸ ಮನೆಯ ಪಾಯಕ್ಕೆ ಸುಣ್ಣದ ಗೆರೆ ಎಳೆಯುವ ಹೊತ್ತಿಗೆ ಮನೆಯೊಡತಿ ಅಲ್ಲಿ ನಿಂತಿರುತ್ತಾರೆ. "ಅಣ್ಣಾ, ಬಚ್ಚಲು ಇಷ್ಟೇ ಆದರೆ ಹಂಡೆ ಎಲ್ಲಿಡೋದು?" ಎನ್ನುತ್ತಾರೆ. ಮೇಸ್ತ್ರಿ ಕಾಲಲ್ಲಿ ಗೆರೆ ಅಳಿಸಿ ಒಂದು ಮೊಳ ಆಚೆ ಎಳೆಯುತ್ತಾರೆ. ನಕ್ಷೆ ತಿದ್ದಲು ತಗಲುವ ಖರ್ಚು ಒಂದು ಹಿಡಿ ಸುಣ್ಣ. ಮುಂದೆ ಮಗನ ಮದುವೆಯಾದರೆ ಮಾಳಿಗೆ ಮನೆಗೆ ಇನ್ನೊಂದು ಅಂಕಣ ಸೇರುತ್ತದೆ. ಮನೆ ಸಂಸಾರದ ಜೊತೆಗೇ ಬೆಳೆಯುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಈ ಮಾತುಕತೆಯೇ ಇಲ್ಲ. ಇರುವವರು ಬರುವುದು ಬೀಗದ ಕೈ ಕೊಡುವ ದಿನ. ಆಂಧ್ರಪ್ರದೇಶದ ಪಟ್ಟಣಗಳಲ್ಲಿ ಟಿಡ್ಕೋ ಎಂಬ ಸರ್ಕಾರಿ ಸಂಸ್ಥೆ ಬಡವರಿಗಾಗಿ ಕಟ್ಟಿಸಿದ ವಸತಿಗಳನ್ನು ನೆನೆಯಿರಿ. 300, 365, 430 ಚದರಡಿ, ಹೀಗೆ ಮೂರು ಅಳತೆಯ ಮನೆಗಳು. ನೆಲ ಅಂತಸ್ತಿನ ಮೇಲೆ ಮೂರು ಮಹಡಿ. ಇವಕ್ಕೆ ಬಳಸಿದ್ದು ಶಿಯರ್ ವಾಲ್ ವಿಧಾನ. ಕಬ್ಬಿಣ ಕಟ್ಟಿ, ಗೋಡೆಯ ಅಚ್ಚು ನಿಲ್ಲಿಸಿ, ಕಾಂಕ್ರೀಟು ಸುರಿಯುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಕಟ್ಟಡ ಗಟ್ಟಿಯಾಗಿರುತ್ತದೆ. ಆದರೆ ಭಾರ ಹೊರುವುದು ಆ ಗೋಡೆಗಳೇ ಆದ್ದರಿಂದ ಆಮೇಲೆ ಒಂದು ಕಿಟಕಿಯನ್ನೂ ಹೊಸದಾಗಿ ಒಡೆಯುವಂತಿಲ್ಲ. ಹಾಗಾಗಿ ಕೇಳುವುದಿದ್ದರೆ ಅಚ್ಚು ನಿಲ್ಲಿಸುವ ಮೊದಲೇ ಕೇಳಬೇಕು.

ಕೇಳಿದರೆ ಏನು ಹೇಳಿಯಾರು? ರಾಯದುರ್ಗ ಜೀನ್ಸ್ ಹೊಲಿಯುವ ಊರು. ದಪ್ಪ ಬಟ್ಟೆ ಹೊಲಿಯುವ ಯಂತ್ರ ಮೂರನೆಯ ಮಹಡಿಯಲ್ಲಿ ಓಡಿದರೆ ಕೆಳಮನೆಯ ಕೂಸು ನಿದ್ದೆ ಮಾಡದು. ಹೊಲಿಗೆಯವರನ್ನು ಕೂರಿಸಿ ಮಾತಾಡಿದ್ದರೆ, ನೆಲ ಅಂತಸ್ತಿನಲ್ಲಿ ಎಲ್ಲರಿಗೂ ಸೇರಿದ ಒಂದು ಹೊಲಿಗೆ ಕೋಣೆ, ಅದಕ್ಕೆ ಬೇರೆ ಮೀಟರು, ಬಟ್ಟೆಯ ಮೂಟೆ ಇಳಿಸಲು ಜಾಗ ಎಂದು ಅವರೇ ಹೇಳುತ್ತಿದ್ದರು. ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾದ ಕಡೆ ರೇಷ್ಮೆ ಸಾಕುವವರ ಮಾತೇ ಬೇರೆ. ಹುಳಕ್ಕೆ ಹೊಗೆ, ಔಷಧಿಯ ವಾಸನೆ ಆಗದು, ಗಾಳಿಯಾಡಬೇಕು, ಹುಳ ಗೂಡು ಕಟ್ಟುವ ಚಂದ್ರಿಕೆ ಹರಡಲು ಜಾಗ ಬೇಕು. ಅಂಥ ಕುಟುಂಬಕ್ಕೆ ಫ್ಲಾಟೇ ಬೇಡ ಎಂಬ ಉತ್ತರ ಬಂದರೂ ಬರಬಹುದು. ಆ ಉತ್ತರವನ್ನೂ ಕೇಳಿಸಿಕೊಳ್ಳಬೇಕು. ಇನ್ನು ನೀರು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಸೀಮೆಯಿದು. ಸಂಪು ಎಷ್ಟು ದೊಡ್ಡದಿರಬೇಕೆಂದು ಬಿಂದಿಗೆ ಹೊತ್ತವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಹೀಗೆ ಕೇಳಿ ಕಟ್ಟಿದ್ದೂ ಉಂಟು. ಚಿಲಿ ದೇಶದ ಇಕೀಕೆ ಪಟ್ಟಣದಲ್ಲಿ ಸುಮಾರು 100 ಬಡ ಕುಟುಂಬಗಳು ಎತ್ತರದ ಕಟ್ಟಡ ಬೇಡವೆಂದು ಹಟ ಹಿಡಿದವು. ಅಲ್ಲಿ ಮನೆ ಬೆಳೆಸಲಾಗದು ಎಂಬುದೇ ಅವರ ದೂರು. ವಾಸ್ತುಶಿಲ್ಪಿ ಅಲೆಹಾಂದ್ರೋ ಅರವೇನ ಮತ್ತು ಸಂಗಡಿಗರು ಇದ್ದ ಹಣದಲ್ಲಿ ಅರ್ಧ ಮನೆ, ಅಂದರೆ ಬಚ್ಚಲು, ಅಡುಗೆಮನೆ, ಮೆಟ್ಟಿಲು, ಗಟ್ಟಿ ಗೋಡೆಗಳನ್ನು, ಕಟ್ಟಿಕೊಟ್ಟು ಪಕ್ಕದಲ್ಲಿ ಅಷ್ಟೇ ಜಾಗ ಖಾಲಿ ಬಿಟ್ಟರು. ಉಳಿದರ್ಧವನ್ನು ಕುಟುಂಬಗಳೇ ತುಂಬಿಕೊಂಡವು. ನಮ್ಮ ಅಂಕಣ ಸೇರಿಸುವ ಪದ್ಧತಿಯೇ ಅದು! ಮುಂಬಯಿಯಲ್ಲಿ ಮಹಿಳಾ ಮಿಲನ್ ಸಂಘದ, ಫುಟ್‌ಪಾತಿನ ಮೇಲೆ ವಾಸಿಸುತ್ತಿದ್ದ ಹೆಂಗಸರೂ ಮನೆಯ ಪೂರ್ಣ ಅಳತೆಯ ಮಾದರಿ ನಿಲ್ಲಿಸಿ, ಒಳಗೆ ಅಟ್ಟ ಹಾಕಲು 14 ಅಡಿ ಎತ್ತರ ಬೇಕೆಂದು ತೀರ್ಮಾನಿಸಿದರು.

ಬಿಲ್ಡರ್ ಬಳಿ ಫ್ಲಾಟು ಕೊಳ್ಳುವವರಿಗೆ ಕಾನೂನಿನ ಬಲವೂ ಇದೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯಿದೆಯ 14ನೆಯ ಕಲಮಿನಂತೆ, ಮಂಜೂರಾದ ನಕ್ಷೆಯಲ್ಲಿ ಕಟ್ಟಡವನ್ನೋ ಎಲ್ಲರ ಜಾಗವನ್ನೋ ಬದಲಿಸಲು ಕೊಂಡವರಲ್ಲಿ ಮೂರನೇ ಎರಡು ಪಾಲು ಜನರ ಲಿಖಿತ ಒಪ್ಪಿಗೆ ಬೇಕು. ಆದರೆ ಇದು ನಕ್ಷೆ ಬರೆದ ಮೇಲಿನ ಹಕ್ಕು. ಬರೆಯುವಾಗ ಕೂರುವ ಹಕ್ಕನ್ನು ಕಾಯಿದೆ ಕೊಟ್ಟಿಲ್ಲ. ಮುಗಿದ ನಕ್ಷೆಗೆ ಸಹಿ ಹಾಕಿಸಿಕೊಳ್ಳುವುದನ್ನು ಭಾಗವಹಿಸುವಿಕೆ ಎಂದು ನಾನಂತೂ ಒಪ್ಪಲಾರೆ.

ಮಾಡಬಹುದಾದ್ದು ಸುಲಭ. ಖಾಲಿ ಬಯಲಿನಲ್ಲಿ 430 ಚದರಡಿಗೆ ಸುಣ್ಣದ ಗೆರೆ ಎಳೆಯಿರಿ. ಮನೆ ಸಿಗಬೇಕಾದವರನ್ನು ಕರೆದು ಅವರದೇ ಮಂಚ, ಹೊಲಿಗೆ ಯಂತ್ರ, ನೀರಿನ ಡ್ರಮ್ಮು ತಂದು ಒಳಗೆ ಇಡಲು ಹೇಳಿ. ಅಜ್ಜಿ ರಾತ್ರಿ ಎದ್ದು ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಮ್ಮೆ ನಡೆದು ನೋಡಲಿ. ಎಡವಿದ ಕಡೆ ಗೆರೆ ಅಳಿಸಿ.