ಡಬ್ಬಿಯ ಹಿಂಬದಿ

(ಕೊಳ್ಳೇಗಾಲದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಎಂಜಿನಿಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

 

ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ. ನೀರಾವರಿ ಇಲಾಖೆಯಲ್ಲಿ ಕಾಲುವೆ, ತೂಬು, ಏರಿ ನೋಡಿಕೊಂಡು ನಿವೃತ್ತನಾದವನು. ನಮ್ಮ ಕೆಲಸದಲ್ಲಿ ಅಳತೆ ಪುಸ್ತಕ ಅಂತ ಒಂದಿರುತ್ತದೆ, ಎಲ್ಲರೂ ಎಂ.ಬಿ. ಎನ್ನುತ್ತಾರೆ. ಗುತ್ತಿಗೆದಾರ ಎಷ್ಟೇ ಸೊಗಸಾಗಿ ಮಾತಾಡಲಿ, ಅಳೆದು ಎಂ.ಬಿ.ಯಲ್ಲಿ ಬರೆದಷ್ಟಕ್ಕೇ ಬಿಲ್ಲು. ಆ ಅಭ್ಯಾಸವೊಂದನ್ನು ಬಿಟ್ಟರೆ ಈ ವಿಷಯ ಮಾತಾಡಲು ನನಗೆ ಬೇರೆ ಅರ್ಹತೆ ಇಲ್ಲ. ಅದನ್ನೂ ಬೇಕಾದ ಹೊತ್ತಿನಲ್ಲಿ ಮನೆಯಲ್ಲಿ ಬಳಸಲಿಲ್ಲ.

ನಮ್ಮ ದೊಡ್ಡಕ್ಕ ಯಳಂದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾಳೆ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿಕೊಂಡು, ಹೊಲ ಮನೆ ನೋಡಿಕೊಂಡು ಚೆನ್ನಾಗಿಯೇ ಇದ್ದಳು. ಒಂದು ದಿನ ಪರಿಚಯದವರೊಬ್ಬರು ಮನೆಗೆ ಬಂದರು. ಹೊರಗಿನವರಲ್ಲ, ಹಣೆಯ ಮೇಲೆ ವಿಭೂತಿ ಇದ್ದ ನಮ್ಮವರೇ. ಕೈಯಲ್ಲಿ ಪೌಷ್ಟಿಕ ಪುಡಿಯ ಡಬ್ಬಿ. "ಮೂರು ತಿಂಗಳು ಕುಡೀರಿ ಅಕ್ಕ, ಸಕ್ಕರೆ ಬೇರುಸಹಿತ ಹೋಗುತ್ತೆ. ಮಾತ್ರೆ ಕಿಡ್ನಿ ತಿನ್ನುತ್ತೆ, ಬಿಟ್ಟುಬಿಡಿ" ಅಂದರು. ಡಬ್ಬಿಗೆ ಮೂರು ಸಾವಿರದ ಇನ್ನೂರು ರೂಪಾಯಿ. ನಾಲ್ಕು ಡಬ್ಬಿ ಕೊಂಡಳು. ಅದರಲ್ಲಿ ಎರಡಕ್ಕೆ ಫೋನಿನಲ್ಲೇ ದುಡ್ಡು ಕಳಿಸಿದವನು ನಾನು. ಏನು ಎತ್ತ ಅಂತ ಒಂದು ಮಾತು ಕೇಳಲಿಲ್ಲ. ಅಕ್ಕ ಕೇಳಿದಳು, ಕಳಿಸಿದೆ.

ಕಾಲಿಗೆ ಜಾಲಿ ಮುಳ್ಳು ಚುಚ್ಚಿದ್ದು ವಾಸಿಯಾಗಲಿಲ್ಲ. ಮೈಸೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಎರಡು ಬೆರಳು ತೆಗೆಯಬೇಕಾಯಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತು ಮೊದಲ ಸಲ ಆ ಡಬ್ಬಿಯ ಹಿಂಬದಿ ಓದಿದೆ. ಮುಂಭಾಗದಲ್ಲಿ ದಪ್ಪ ಅಕ್ಷರ, ಎಲೆ, ಹೂವಿನ ಚಿತ್ರ. ಹಿಂದೆ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ, ಇದು ಔಷಧವಾಗಿ ಬಳಸಲು ಅಲ್ಲ ಅಂತ ಬರೆದಿತ್ತು. ಕಾನೂನಿನ ಪ್ರಕಾರ ಅಂಥ ಪುಡಿಗಳ ಮೇಲೆ ಆ ಸಾಲು ಇರಲೇಬೇಕು. ಅಂದರೆ ಕಂಪನಿ ಡಬ್ಬಿಯ ಮೇಲೆ ಸುಳ್ಳು ಬರೆಯಲಿಲ್ಲ. ಸುಳ್ಳನ್ನು ಬಾಯಲ್ಲಿ ಹೇಳಲು ನಮ್ಮ ಜನರನ್ನೇ ಬಿಟ್ಟಿತು. ಮಾರಿದವರನ್ನು ಕೇಳಿದರೆ "ಪಥ್ಯ ಸರಿಯಾಗಿ ಮಾಡಲಿಲ್ಲ" ಅಂದರು. ಅವರ ಮೇಲೆ ನನಗೆ ಈಗ ಕೋಪ ಇಲ್ಲ. ಅವರೂ ಸಾಲ ಮಾಡಿ ಮನೆ ತುಂಬ ಡಬ್ಬಿ ಪೇರಿಸಿಕೊಂಡಿದ್ದರು. ಅವರ ಮೇಲೊಬ್ಬ, ಅವನ ಮೇಲೆ ಇನ್ನೊಬ್ಬ. ಪ್ರತಿ ಮೆಟ್ಟಿಲಿಗೂ ಹೋಗುವ ಕಮಿಷನ್ನು ನಮ್ಮಕ್ಕ ಕೊಟ್ಟ ಮೂರು ಸಾವಿರದ ಇನ್ನೂರರಲ್ಲೇ ಸೇರಿತ್ತು.

ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ಎಪ್ಪತ್ತು ವರ್ಷದ ಹಿಂದೆಯೇ ಕಾನೂನು ಬಂದಿದೆ. ಆದರೆ ಜಗಲಿಯ ಮೇಲೆ ಕೂತು ಹೇಳುವ ಮಾತಿಗೆ ಸಾಕ್ಷಿ ಯಾರು?

ಇದು ಹಳ್ಳಿಯ ಚಿಲ್ಲರೆ ಮೋಸ, ದೊಡ್ಡ ಕಂಪನಿಗಳು ಹಾಗಲ್ಲ ಎಂದು ಕೆಲವರು ಅಂದುಕೊಳ್ಳಬಹುದು. 2023ರ ಏಪ್ರಿಲ್‌ನಲ್ಲಿ ರೇವಂತ್ ಹಿಮತ್‌ಸಿಂಗ್ಕಾ ಎಂಬ ಯುವಕ ಬೋರ್ನ್‌ವೀಟಾ ಡಬ್ಬಿಯ ಹಿಂಬದಿ ಓದಿ, ಅದರಲ್ಲಿರುವ ಸಕ್ಕರೆಯ ಬಗ್ಗೆ ಒಂದು ವಿಡಿಯೊ ಮಾಡಿದರು. ಕಂಪನಿ ವಕೀಲರ ನೋಟಿಸ್ ಕೊಟ್ಟಿತು. ಅವರು ವಿಡಿಯೊ ತೆಗೆದು ಕ್ಷಮೆ ಕೇಳಿದರು. ಅಷ್ಟರಲ್ಲಿ ದೇಶವೆಲ್ಲ ಅದನ್ನು ನೋಡಿಯಾಗಿತ್ತು. ಕಂಪನಿ ಕೊಟ್ಟ ಸಮಜಾಯಿಷಿಯಲ್ಲೇ ಒಂದು ಲೆಕ್ಕ ಇತ್ತು: ಒಂದು ಸಲಕ್ಕೆ ಹಾಕುವ 20 ಗ್ರಾಂ ಪುಡಿಯಲ್ಲಿ ಸೇರಿಸಿದ ಸಕ್ಕರೆ 7.5 ಗ್ರಾಂ. ಅದು ಮಕ್ಕಳ ದಿನದ ಮಿತಿಗಿಂತ ಬಹಳ ಕಡಿಮೆ ಅಂತಲೂ ಹೇಳಿದರು. ಇರಲಿ. ನಮ್ಮ ತಾಯಂದಿರು ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಕೊಡುತ್ತಾರೆ. ದಿನಕ್ಕೆ 15 ಗ್ರಾಂ, ತಿಂಗಳಿಗೆ 450 ಗ್ರಾಂ. ಮೇಲೆ ನಾವು ಹಾಕುವ ಒಂದು ಚಮಚ ಬೇರೆ. ಮಗುವಿಗೆ ತಿಂಗಳಿಗೆ ಅರ್ಧ ಕೆಜಿ ಸಕ್ಕರೆ ತಿನ್ನಿಸಿ ಅಂದರೆ ಯಾವ ತಾಯಿ ಒಪ್ಪುತ್ತಾಳೆ? ಡಬ್ಬಿಯ ಹೆಸರಿನಲ್ಲಿ ಒಪ್ಪುತ್ತಾಳೆ.

ಆ ವರ್ಷದ ಕೊನೆಗೆ ಕಂಪನಿ ಸಕ್ಕರೆಯನ್ನು ಸ್ವಲ್ಪ ಇಳಿಸಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯ, ಆನ್‌ಲೈನ್ ಅಂಗಡಿಗಳು ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಬೇಕು ಎಂದು ಸೂಚಿಸಿತು. ಕಾರಣ ಕೇಳಿದರೆ ಆಶ್ಚರ್ಯವಾಗುತ್ತದೆ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 'ಹೆಲ್ತ್ ಡ್ರಿಂಕ್' ಅಂತ ಒಂದು ವಸ್ತುವೇ ಇಲ್ಲ! ಅದೇ ತಿಂಗಳು ಹಾರ್ಲಿಕ್ಸ್‌ನವರೂ ತಮ್ಮ ವಿಭಾಗದ ಹೆಸರಿನಿಂದ 'ಹೆಲ್ತ್' ಎಂಬ ಮಾತು ಕೈಬಿಟ್ಟರು. ನಾವು ತಲೆಮಾರುಗಳಿಂದ ಕಾಯಿಲೆಯವರನ್ನು ನೋಡಲು ಹೋಗುವಾಗ ಆ ಬಾಟಲಿಯನ್ನೇ ಹಿಡಿದುಕೊಂಡು ಹೋಗುತ್ತಿದ್ದೆವು.

ಮಕ್ಕಳ ವಿಷಯದಲ್ಲಿ ಇನ್ನೂ ಕೆಟ್ಟದ್ದು ಓಆರ್‌ಎಸ್ ಕಥೆ. ಭೇದಿಯಾದಾಗ ಕೊಡುವ ಸರಿಯಾದ ಪೊಟ್ಟಣ ಲೀಟರ್ ನೀರಿಗೆ 20.5 ಗ್ರಾಂ. ಅದರಲ್ಲಿ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಉಳಿದದ್ದು ಬೇರೆ ಲವಣಗಳು. ಇದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಆಶಾ ಕಾರ್ಯಕರ್ತೆಯರ ಹತ್ತಿರ ಪುಕ್ಕಟೆ ಸಿಗುತ್ತದೆ. ಆದರೆ ಔಷಧಿ ಅಂಗಡಿಯಲ್ಲಿ ಅದೇ ಹೆಸರು ಸೇರಿಸಿಕೊಂಡ ಹಣ್ಣಿನ ರುಚಿಯ ಸಿಹಿ ಪಾನೀಯಗಳು ಬಂದವು. ಅವುಗಳಲ್ಲಿ ಸಕ್ಕರೆ ಹಲವು ಪಟ್ಟು. ಸಕ್ಕರೆ ಹೆಚ್ಚಾದರೆ ಕರುಳು ನೀರನ್ನು ತನ್ನೊಳಕ್ಕೆ ಎಳೆದುಕೊಂಡು ಭೇದಿ ಇನ್ನೂ ಜಾಸ್ತಿಯಾಗುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಆಹಾರ ಪ್ರಾಧಿಕಾರ, ನಿಗದಿತ ಸೂತ್ರದಂತೆ ಇಲ್ಲದ ಪಾನೀಯಗಳ ಹೆಸರಿನಲ್ಲಿ ಆ ಮೂರು ಅಕ್ಷರ ಇರಕೂಡದು ಎಂದು ಆದೇಶಿಸಿತು. ಬೆಟ್ಟದ ಪೋಡುಗಳಿಂದ ಮಗುವನ್ನು ಎತ್ತಿಕೊಂಡು ಹನೂರಿಗೆ ಬರುವ ತಾಯಿಗೆ ಈ ಆದೇಶ ತಿಳಿಸುವವರು ಯಾರು? ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ನೀವು ಅಲ್ಲಿ ಹೇಳಿ.

ಇನ್ನು ನಮ್ಮ ರಾಗಿ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಅಂದರೆ ಕೆಜಿಗೆ ನಲವತ್ತೊಂಬತ್ತೂ ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶ ಇದೆ. ನಮ್ಮವ್ವ ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸುತ್ತಿದ್ದಳು. ಮೊಳಕೆ ಬರಿಸಿದರೆ ಆ ಸತ್ವ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ ಅಂತ ಈಗಿನ ವಿಜ್ಞಾನವೂ ಹೇಳುತ್ತದೆ. ಅವ್ವನಿಗೆ ಅದು ಗೊತ್ತಿರಲಿಲ್ಲ, ಮಗು ಅಳದೆ ಮಲಗುತ್ತಿತ್ತು ಅಷ್ಟೇ ಗೊತ್ತಿತ್ತು. ಇವತ್ತು ಅದೇ ರಾಗಿಯನ್ನು ಮಾರಿ, ಬಂದ ದುಡ್ಡಲ್ಲಿ ಮಾಲ್ಟ್ ಡಬ್ಬಿ ತರುತ್ತಿದ್ದೇವೆ.

ಹಾಗಂತ ನಮ್ಮ ಕಡೆಯ ಸುಳ್ಳನ್ನು ಮುಚ್ಚಿಡಬಾರದು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆದಮೇಲೆ ಸಾಮೆ, ನವಣೆ ಕ್ಯಾನ್ಸರ್ ವಾಸಿ ಮಾಡುತ್ತವೆ ಅನ್ನುವ ವಾಟ್ಸಾಪ್ ಸಂದೇಶಗಳು ನಮ್ಮ ಶರಣರ ಗುಂಪುಗಳಲ್ಲೇ ಓಡಾಡುತ್ತಿವೆ. ಅವು ಒಳ್ಳೆಯ ಆಹಾರ. ಔಷಧವಲ್ಲ. ನೂರು ಗ್ರಾಂ ರಾಗಿಯಲ್ಲಿ ಎಪ್ಪತ್ತರ ಹತ್ತಿರ ಪಿಷ್ಟವೇ. ಸಕ್ಕರೆ ಕಾಯಿಲೆಯವರು ಹಿಟ್ಟನ್ನೂ ಅಳತೆಯಲ್ಲೇ ಉಣ್ಣಬೇಕು, ಮಾತ್ರೆ ಬಿಡಬಾರದು. ಮಠದ ಜಾತ್ರೆಯಲ್ಲಿ ಮಳಿಗೆ ಹಾಕುವವರು 'ಕಾಯಿಲೆ ವಾಸಿ' ಎಂಬ ಫಲಕ ಹಾಕದಂತೆ ನೋಡಿಕೊಳ್ಳಬೇಕೆಂದು ಪೂಜ್ಯರಲ್ಲಿ ಬೇಡಿಕೊಳ್ಳುತ್ತೇನೆ. ಕಾವಿಯ ಪಕ್ಕ ಇಟ್ಟ ಡಬ್ಬಿಯನ್ನು ನಮ್ಮ ಜನ ಪ್ರಶ್ನಿಸುವುದಿಲ್ಲ.

ಆಯ್ದಕ್ಕಿ ಮಾರಯ್ಯ ಶರಣರು ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದರು. ಲಕ್ಕಮ್ಮ ತಾಯಿ ಅದನ್ನು ಬೇಯಿಸಲಿಲ್ಲ, ಇದ್ದಲ್ಲಿಗೇ ಸುರಿದು ಬನ್ನಿ ಅಂತ ಕಳಿಸಿದಳು. ಗಂಡ ತಂದದ್ದನ್ನೂ ನೋಡಿ, ಅಳೆದು, ಕೇಳಿದಳು. ನಾನು ಅಕ್ಕನಿಗೆ ದುಡ್ಡು ಕಳಿಸುವ ಮುಂಚೆ ಅಷ್ಟು ಮಾಡಲಿಲ್ಲ.

ಕೊನೆಗೆ ಒಂದು ಉಪಾಯ. ಡಬ್ಬಿಯ ಹಿಂದೆ ಬೆರೆಸಿದ ವಸ್ತುಗಳ ಪಟ್ಟಿ ಇರುತ್ತದೆ. ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೊದಲ ಮೂರರಲ್ಲಿ ಸಕ್ಕರೆ ಇದ್ದರೆ, ಅಥವಾ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಹೆಸರಿದ್ದರೆ, ಕೆಳಗಿಡಿ. ಈ ಎರಡನೆಯದು 'ಸಕ್ಕರೆ ಸೇರಿಸಿಲ್ಲ' ಎಂದು ಬರೆದ ಡಬ್ಬಿಯಲ್ಲೂ ಇರಬಹುದು. ಆದರೆ ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಅದೇನೂ ಹಿಂದೆ ಬೀಳುವುದಿಲ್ಲ.

ಮುಂದಿನ ತಿಂಗಳ ಗೋಷ್ಠಿಗೆ ಬರುವಾಗ ಮನೆಯಲ್ಲಿರುವ ಒಂದೊಂದು ಡಬ್ಬಿ ತನ್ನಿ, ಖಾಲಿಯಾದರೂ ಸರಿ. ಪ್ರಸಾದ ಆದಮೇಲೆ ಕೂತು ಓದೋಣ. ಅಕ್ಷರ ಬಹಳ ಸಣ್ಣದು, ಭೂತಗನ್ನಡಿ ನಾನು ತರುತ್ತೇನೆ. ಅಕ್ಕನೂ ಬರುತ್ತಾಳೆ, ತನ್ನ ನಾಲ್ಕು ಡಬ್ಬಿಗಳ ಸಮೇತ.