ಟೇಪು ಯಂತ್ರಕ್ಕೆ ಬಂದ ರೋಗ
(ಸಂಘದ ತಿಂಗಳ ಸಭೆಯಲ್ಲಿ ದಫ್ತರ ಸಮಿತಿಯ ಪರವಾಗಿ ಮಾಡಿದ ಭಾಷಣ)



ನಮ್ಮ ಕಛೇರಿಯ ಟೇಪು ಯಂತ್ರ ಪದೇ ಪದೇ ‘ಆಫ್‌ಲೈನ್’ ಆಗುತ್ತಿದೆಯೆಂಬ ಸುದ್ದಿ ತಮ್ಮೆಲ್ಲರ ಕಿವಿಗೂ ಬಿದ್ದಿದೆ. ಹೊಸ ಯಂತ್ರಕ್ಕೆ ಸಂಘದ ಹಣ ಸುರಿಯಬೇಕೇ ಎಂಬ ಪ್ರಶ್ನೆಯನ್ನು ಹೋದ ಸಭೆಯಲ್ಲಿ ಕೆಲವರು ಎತ್ತಿದ್ದರು. ಪ್ರಶ್ನೆ ನ್ಯಾಯವಾದುದೇ. ಆದ್ದರಿಂದ ಆ ಯಂತ್ರಕ್ಕೆ ಬಂದ ರೋಗವೇನು, ಅದನ್ನು ಪತ್ತೆ ಮಾಡಿದ ಬಗೆ ಹೇಗೆ ಎಂಬುದನ್ನು ಇಂದು ಬಿಡಿಸಿ ಹೇಳುತ್ತೇವೆ.

ಒಂದು ಪೆಟ್ಟಿಗೆಯ ಸಂಗತಿಗೆ ಭಾಷಣವೇ ಎಂದು ನಗಬೇಡಿ. 1982ರ ಜನವರಿ 18ರಂದು ಮುಂಬಯಿಯ ಗಿರಣಿ ಮುಷ್ಕರ ಆರಂಭವಾದಾಗ ಸುಮಾರು ಎರಡೂವರೆ ಲಕ್ಷ ಜನ ಹೊರಗೆ ಬಂದರು. ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಎಷ್ಟೋ ವರ್ಷಗಳಾದ ಮೇಲೆ ಗಿರಣಿ ಕಾರ್ಮಿಕರಿಗೆ ಮ್ಹಾಡಾ ಮೂಲಕ ಮನೆ ಕೊಡುವ ಯೋಜನೆ ಬಂದಿತು. ಆಗ ಕೇಳಿದ್ದೇನು? 1982ರ ಜನವರಿ 1ರಂದು ಅಥವಾ ಆ ಬಳಿಕ ಗಿರಣಿಯಲ್ಲಿ ದುಡಿದುದಕ್ಕೆ ಪುರಾವೆ. ಟಿಕೀಟು ನಂಬರು, ಇ.ಎಸ್.ಐ. ಕಾರ್ಡು, ಪ್ರಾವಿಡೆಂಟ್ ಫಂಡಿನ ಚೀಟಿ ಇವನ್ನು ಟ್ರಂಕಿನ ತಳದಲ್ಲಿ ಜೋಪಾನ ಮಾಡಿದವನು ಅರ್ಜಿ ಹಾಕಿದ. ಚಾಳಿನ ಸೋರುವ ಮಾಡಿನ ಕೆಳಗೆ ಅವನ್ನು ಕಳಕೊಂಡವನು ಕಛೇರಿಯಿಂದ ಕಛೇರಿಗೆ ಅಲೆದ. ದುಡಿದ ಕೈ ಅಲ್ಲಿಯೇ ಇತ್ತು, ದುಡಿದುದಕ್ಕೆ ಕಾಗದವಿರಲಿಲ್ಲ.

ಅಂಥ ಕಾಗದಗಳ ಪ್ರತಿಗಳನ್ನೇ ನಾವು ಸರ್ವರಿನಲ್ಲಿ ಇಟ್ಟಿರುವುದು. ಹೊಟೇಲು ಬಂಧುಗಳ ಮಾತಂತೂ ಹೇಳುವುದೇ ಬೇಡ. ವರ್ಷಕ್ಕೊಂದು ಹೊಟೇಲು ಬದಲಾಗುತ್ತದೆ. ಉಳಿತಾಯದ ಲೆಕ್ಕ, ಸಾಲದ ಕಂತು, ಊರಿನ ವಿಳಾಸ, ಎಲ್ಲ ಒಂದೆಡೆ ಸಿಗುವುದು ನಮ್ಮ ದಫ್ತರದಲ್ಲಿ ಮಾತ್ರ. ಸರ್ವರಿನ ಡಿಸ್ಕು ಕೆಟ್ಟರೆ ಇದೆಲ್ಲ ಹೋಯಿತು. ಹಾಗಾಗಬಾರದೆಂದೇ ಪ್ರತಿ ರಾತ್ರಿ 11 ಗಂಟೆಗೆ ಅದರ ನಕಲು ಟೇಪಿಗೆ ಇಳಿಯುತ್ತದೆ.

ನಮ್ಮ ಯಂತ್ರ ಎಲ್.ಟಿ.ಓ. 5 ಎಂಬ ಜಾತಿಯದು. ಆ ಜಾತಿ ಪೇಟೆಗೆ ಬಂದುದು 2010ರಲ್ಲಿ. ಅಂಗೈಯಗಲದ ಡಬ್ಬಿ, ಒಳಗೆ ಅರ್ಧ ಇಂಚು ಅಗಲದ 846 ಮೀಟರ್ ಉದ್ದದ ಪಟ್ಟಿ. ಅದರ ಮೇಲೆ 1280 ಗೆರೆಗಳಲ್ಲಿ ಬರವಣಿಗೆ. ಒಂದು ಸಲಕ್ಕೆ 16 ಗೆರೆ ಬರೆಯುವುದರಿಂದ ಪಟ್ಟಿ ಈ ತುದಿಯಿಂದ ಆ ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ 80 ಸಲ ಓಡಬೇಕು. ಮಗ್ಗದ ಲಾಳಿಯನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ.

“ಈ ಹಳೇ ಟೇಪು ಯಾಕೆ, ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲಿ ಇಟ್ಟುಬಿಡಿ” ಎಂದು ತರುಣರು ಹೇಳುತ್ತಾರೆ. ಅಲ್ಲಿಯೂ ಒಂದು ಪ್ರತಿ ಇರಲಿ, ಬೇಡವೆಂದವರಾರು? ಆದರೆ 2011ರ ಫೆಬ್ರವರಿಯಲ್ಲಿ ಗೂಗಲಿನವರ ತಂತ್ರಾಂಶದ ದೋಷದಿಂದ ಕೆಲವು ಜನರ ಜಿಮೇಲ್ ಪತ್ರಗಳು ಮಾಯವಾದಾಗ ಅವರೂ ಹಿಂದಕ್ಕೆ ತಂದದ್ದು ಟೇಪಿನಿಂದಲೇ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಲೋಕದ ಲಕ್ಷಾಂತರ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತು. ಯಂತ್ರದಿಂದ ತೆಗೆದು ಕಪಾಟಿನಲ್ಲಿಟ್ಟ ಟೇಪನ್ನು ಅಂಥ ಪಿಡುಗು ಮುಟ್ಟಲಾರದು.

ಇನ್ನು ರೋಗದ ವಿಚಾರ. ಬೆಳಗ್ಗೆ ಕಛೇರಿ ತೆರೆದರೆ ಪರದೆಯ ಮೇಲೆ ‘ಡ್ರೈವ್ ಆಫ್‌ಲೈನ್’ ಎಂಬ ಬರಹ. ರಾತ್ರಿಯ ನಕಲು ಅರ್ಧಕ್ಕೆ ನಿಂತಿದೆ. ಯಂತ್ರದ ಸ್ವಿಚ್ಚು ತೆಗೆದು ಹಾಕಿ, ಸರ್ವರನ್ನು ಮತ್ತೆ ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ನಡೆಯುತ್ತದೆ. ಎರಡು ದಿನ ಬಿಟ್ಟು ಮತ್ತೆ ಅದೇ ಪಾಡು. ದುರಸ್ತಿಗೆ ಬಂದ ಒಂದು ಕಂಪನಿಯವರು ಹತ್ತು ನಿಮಿಷ ನೋಡಿ, ಡ್ರೈವು ಸತ್ತಿದೆ, ಹೊಸದು ಕೊಳ್ಳಿರಿ ಎಂದರು. ಸತ್ತದ್ದು ಸ್ವಿಚ್ಚು ಹಾಕಿದೊಡನೆ ಎದ್ದು ಕೂರುವುದು ಹೇಗೆಂದು ಕೇಳಿದರೆ ಅವರಲ್ಲಿ ಉತ್ತರವಿರಲಿಲ್ಲ.

ಆಫ್‌ಲೈನ್ ಎಂದರೆ ಸತ್ತಿತೆಂದಲ್ಲ. ಕರೆದರೆ ಓಗೊಡಲಿಲ್ಲ ಎಂದು. ಗಲ್ಲೆಯಿಂದ “ಎರಡು ಮಸಾಲೆ” ಎಂದು ಕೂಗಿದಾಗ ಒಳಗಿನಿಂದ ಉತ್ತರ ಬಾರದಿದ್ದರೆ ಭಟ್ಟರು ಮಲಗಿರಬಹುದು, ಕೂಗು ಕೇಳಿಸದೆ ಇರಬಹುದು, ನಡುವಿನ ಮಾಣಿ ಬೇರೆ ಕೆಲಸದಲ್ಲಿ ಸಿಕ್ಕಿಬಿದ್ದಿರಬಹುದು. ಭಟ್ಟರನ್ನೇ ಬದಲಾಯಿಸುವುದು ಮೊದಲ ಉಪಾಯವಲ್ಲ.

ಆದುದರಿಂದ ಮೊದಲು ಒಂದು ನೋಟುಬುಕ್ಕು ಇಟ್ಟೆವು. ತಾರೀಖು, ವಾರ, ನಿಂತ ಹೊತ್ತು, ಯಾವ ಟೇಪು, ಇಷ್ಟೇ. 21 ರಾತ್ರಿಗಳಲ್ಲಿ 7 ಸಲ ನಿಂತಿತ್ತು. ಬೇರೆ ಬೇರೆ ಟೇಪುಗಳಲ್ಲಿ ನಿಂತುದರಿಂದ ದೋಷ ಟೇಪಿನದಲ್ಲ. ಆ ಏಳರಲ್ಲಿ ಮೂರು ಶನಿವಾರದ ರಾತ್ರಿ. ಉಳಿದ ನಾಲ್ಕಕ್ಕೆ ವಾರವೂ ಇಲ್ಲ, ತಿಥಿಯೂ ಇಲ್ಲ.

ಎರಡನೆಯದಾಗಿ, ಆಫ್‌ಲೈನ್ ಎಂದು ಹೇಳುವವರು ಯಾರೆಂದು ನೋಡಿದೆವು. ನಕಲು ಮಾಡುವ ತಂತ್ರಾಂಶ ಒಂದು, ಅದರ ಕೆಳಗೆ ವಿಂಡೋಸ್ ಒಂದು. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವು ಕಾಣಿಸುತ್ತಿದ್ದು ತಂತ್ರಾಂಶದಲ್ಲಿ ಮಾತ್ರ ಇಲ್ಲದಿದ್ದರೆ ತೊಂದರೆ ಮೇಲಿನದು: ಎರಡು ತಂತ್ರಾಂಶಗಳು ಒಂದೇ ಡ್ರೈವಿಗೆ ಜಗ್ಗಾಡುತ್ತಿರಬಹುದು, ಇಲ್ಲವೇ ಡ್ರೈವರು ಹೊಂದದಿರಬಹುದು. ನಮ್ಮಲ್ಲಿ ಎರಡು ಕಡೆಯೂ ಮಾಯ. ಅಂದರೆ ದೋಷ ಇನ್ನೂ ಕೆಳಗಿದೆ: ಕೇಬಲ್, ಕಾರ್ಡು, ಇಲ್ಲವೇ ಡ್ರೈವು.

ವಿಂಡೋಸ್ ತನ್ನ ದಿನಚರಿಯನ್ನು ತಾನೇ ಬರೆಯುತ್ತದೆ, ಓದುವವರು ಕಡಿಮೆ. ಅದರಲ್ಲಿ 7 ಎಂಬ ಅಂಕಿ ಬಂದರೆ ಬರೆಯುವ ಮೈ ಕೆಟ್ಟಿದೆಯೆಂದು, ಟೇಪು ಹಳತಾಗಿದೆ ಅಥವಾ ಹೆಡ್ಡು ಕೊಳೆಯಾಗಿದೆ. 9 ಎಂದರೆ ಹೇಳಿದ ಹೊತ್ತಿನೊಳಗೆ ಉತ್ತರ ಬರಲಿಲ್ಲ. 11 ಎಂದರೆ ಕಂಟ್ರೋಲರ್ ಕಾರ್ಡಿನ ದಾರಿಯಲ್ಲಿ ತಪ್ಪು. ನಮ್ಮ ಪುಟಗಳಲ್ಲಿ 7 ಒಂದೂ ಇಲ್ಲ. 9 ಮತ್ತು 11 ಧಾರಾಳ. ಆದ್ದರಿಂದ ಕ್ಲೀನಿಂಗ್ ಟೇಪು ಹಾಕಿ ಹಾಕಿ ಹೆಡ್ಡು ಉಜ್ಜುವ ಗೋಜಿಗೆ ಹೋಗಲಿಲ್ಲ. ಯಂತ್ರ ದೀಪ ತೋರಿಸಿ ಕೇಳಿದಾಗ ಮಾತ್ರ ಉಜ್ಜಬೇಕು; ದಿನವೂ ಉಜ್ಜಿದರೆ ಹೆಡ್ಡೇ ಸವೆಯುತ್ತದೆ.

ತಯಾರಕರು ಕೊಡುವ ಪರೀಕ್ಷೆಯ ತಂತ್ರಾಂಶವನ್ನೂ ಓಡಿಸಿದೆವು. ಅದಕ್ಕೆ ಮೊದಲು ನಕಲಿನ ತಂತ್ರಾಂಶವನ್ನು ಪೂರ್ತಿ ನಿಲ್ಲಿಸಬೇಕು, ಒಂದು ಡ್ರೈವನ್ನು ಇಬ್ಬರು ಹಿಡಿಯಲಾಗದು. ಡ್ರೈವು ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಸತ್ತದ್ದೆಂದು ಹೇಳಿದ್ದ ಡ್ರೈವು ಇದೇ.

ಮಗ್ಗ ನಿಂತರೆ ನೇಕಾರ ಮಗ್ಗವನ್ನು ಬೈಯುವುದಿಲ್ಲ. ಎಲ್ಲಿ ಎಳೆ ತುಂಡಾಯಿತೆಂದು ಬೆರಳಾಡಿಸುತ್ತಾನೆ. ನಾವೂ ಸರ್ವರಿನ ಬೆನ್ನ ಹಿಂದೆ ಬೆರಳಾಡಿಸಿದೆವು. ಕೇಬಲ್ಲು ಗೋಡೆಗೂ ಕಪಾಟಿಗೂ ನಡುವೆ ಮಡಚಿ ಸಿಕ್ಕಿಕೊಂಡಿತ್ತು. ತುದಿಯ ಕೊಂಡಿ ಸರಿಯಾಗಿ ಕೂತಿರಲಿಲ್ಲ. ಹೊಸ ಕೇಬಲ್ಲು ಹಾಕಿ ಕಪಾಟನ್ನು ಒಂದು ಗೇಣು ಮುಂದೆ ಸರಿಸಿದೆವು. ಒಂದು ಸಲಕ್ಕೆ ಒಂದೇ ಬದಲಾವಣೆ, ಇದು ನಮ್ಮ ನಿಯಮವಾಗಿತ್ತು. ಮೂರನ್ನು ಒಟ್ಟಿಗೆ ಬದಲಿಸಿದರೆ ಗುಣವಾದದ್ದು ಯಾವುದರಿಂದೆಂದು ತಿಳಿಯುವುದೇ ಇಲ್ಲ. ಮುಂದಿನ ಎರಡು ವಾರ ಬಿಡಿ ದಿನಗಳ ಕಾಟ ನಿಂತಿತು. ಎರಡೂ ಶನಿವಾರ ಮಾತ್ರ ಮತ್ತೆ ಮಾಯ.

ಶನಿವಾರ ರಾತ್ರಿ ಏನು ವಿಶೇಷ? ಸರ್ವರಿನ ಡಿಸ್ಕುಗಳನ್ನು ರೇಡ್ ಕಾರ್ಡು ಎಂಬುದು ಒಟ್ಟಾಗಿ ನಡೆಸುತ್ತದೆ. ಆ ಕಾರ್ಡು ವಾರಕ್ಕೊಮ್ಮೆ ಎಲ್ಲ ಡಿಸ್ಕುಗಳನ್ನೂ ತಾಳೆ ನೋಡುತ್ತದೆ; ನಮ್ಮಲ್ಲಿ ಅದು ಶನಿವಾರ ಮಧ್ಯರಾತ್ರಿಗೆ ಗೊತ್ತಾಗಿತ್ತು. ಯಂತ್ರ ಜೋಡಿಸಿದವರು ಟೇಪು ಡ್ರೈವನ್ನೂ ಅದೇ ಕಾರ್ಡಿಗೆ ಸಿಕ್ಕಿಸಿ ಹೋಗಿದ್ದರು. ಅಂಥ ಕಾರ್ಡುಗಳು ಡಿಸ್ಕಿಗಾಗಿ ಮಾಡಿದವು. ಎಷ್ಟೋ ಕಾರ್ಡುಗಳಲ್ಲಿ ಟೇಪು ಜೋಡಿಸಬೇಡಿರೆಂದು ತಯಾರಕರೇ ಹೇಳುತ್ತಾರೆ. ಡಿಸ್ಕಿನ ತಾಳೆಯಲ್ಲಿ ಮುಳುಗಿದ ಕಾರ್ಡು ಟೇಪಿನ ಮಾತನ್ನು ಹೊತ್ತಿಗೆ ಮುಟ್ಟಿಸುವುದಿಲ್ಲ. ವಿಂಡೋಸ್ ಕಾಯುವಷ್ಟು ಕಾದು ಡ್ರೈವು ಇಲ್ಲವೆಂದು ಬರೆದುಬಿಡುತ್ತದೆ. ಸಿಕ್ಕಿಬಿದ್ದ ಮಾಣಿ ಇವನೇ!

ಟೇಪಿಗೆಂದೇ ಒಂದು ಸಾದಾ ಕಾರ್ಡು ಹಾಕಿಸಿದೆವು. ಹೊಸ ಯಂತ್ರದ ಬೆಲೆಯಲ್ಲಿ ಅದು ಒಂದು ಸಣ್ಣ ಪಾಲು. ರಶೀದಿ ಕೋಶಾಧಿಕಾರಿಗಳ ಬಳಿ ಇದೆ, ನೋಡಬಹುದು. ಆ ಬಳಿಕ ಮೂರು ಶನಿವಾರ ಕಳೆದಿವೆ. ಮೂರೂ ರಾತ್ರಿ ನಕಲು ಪೂರ್ತಿಯಾಗಿದೆ, ಡಿಸ್ಕಿನ ತಾಳೆಯೂ ನಡೆದಿದೆ.

ಆದರೂ ಪರದೆಯ ಮೇಲೆ ‘ಸಫಲ’ ಎಂದು ಬಂದ ಮಾತ್ರಕ್ಕೆ ನಾವು ಒಪ್ಪತಕ್ಕವರಲ್ಲ. ಟೇಪಿನಿಂದ ಹಿಂದಕ್ಕೆ ತೆಗೆದು ಓದಿದಾಗಲೇ ನಕಲು ನಕಲಾಗುವುದು. ಬರುವ ಭಾನುವಾರ ಮಧ್ಯಾಹ್ನ 3 ಗಂಟೆಗೆ, ಹೊಟೇಲುಗಳ ಬಿಡುವಿನ ಹೊತ್ತಿಗೆ, ಕಛೇರಿಯಲ್ಲಿ ಆ ಪರೀಕ್ಷೆ ಇಟ್ಟುಕೊಂಡಿದ್ದೇವೆ. ಸದಸ್ಯರಲ್ಲಿ ಹತ್ತು ಮಂದಿ ಬರಬೇಕು. ಅವರವರ ಖಾತೆಯನ್ನೇ ಟೇಪಿನಿಂದ ಬೇರೊಂದು ಕಂಪ್ಯೂಟರಿಗೆ ಇಳಿಸಿ ಎದುರಿಗೇ ತೋರಿಸಲಾಗುವುದು. ತಾಳೆ ನೋಡಲು ತಮ್ಮ ತಮ್ಮ ಪಾಸ್‌ಬುಕ್ಕುಗಳನ್ನು ತರತಕ್ಕದ್ದು.